ದಾರಿ ತೋರಿಸಿ ಮೇಷ್ಟ್ರೇ

ಪ್ರೀತಿಯ ಕ್ಯಾಪ್ಟನ್,

ಮೊನ್ನೆ ಫೋನಿನಲ್ಲಿ ನೀನು ‘ಅಪ್ಪ ಹೇಗಿದ್ದಾರೋ?’ ಅಂತ ಕೇಳಿದೆ. ‘ಆರಾಮಾಗಿದ್ದಾರೆ’ ಅಂದುಬಿಟ್ಟೆ. ಸುಳ್ಳು ಹೇಳಲಿಲ್ಲ. ಆದರೆ ಅದರ ಹಿಂದೆ ಇರುವುದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ. ಬರೆದರೆ ಹೇಳಬಹುದು ಅನ್ನಿಸಿತು, ಅದಕ್ಕೇ ಕೂತಿದ್ದೇನೆ. ನಿನ್ನ ಜೊತೆ ಇನ್ನೂ ನಾಲ್ಕು ಜನ ಓದಲಿ ಅಂತ ಪತ್ರವನ್ನು ತೆರೆದೇ ಇಡುತ್ತಿದ್ದೇನೆ. ಯಾಕೆ ಅಂತ ಓದುತ್ತಾ ಹೋದರೆ ನಿನಗೇ ಗೊತ್ತಾಗುತ್ತದೆ. ಹೆದರಬೇಡ, ಛತ್ರಿ ವಿಷಯ ಎತ್ತುವುದಿಲ್ಲ. ಕುದುರೆ ವಿಷಯವಂತೂ ಇಲ್ಲವೇ ಇಲ್ಲ.

ಅಪ್ಪನ ಮರೆವು ನಿನಗೆ ಗೊತ್ತಿರುವುದೇ. ಕಳೆದ ಸಲ ಬಂದಾಗ ನಿನ್ನನ್ನು ನಿನ್ನ ಅಣ್ಣ ಅಂದುಕೊಂಡು ಮಾತಾಡಿಸಿದರು. ನೀನೂ ಅರ್ಧ ಗಂಟೆ ಅಣ್ಣನಾಗಿಯೇ ಕೂತು ಮಾತಾಡಿದೆ. ಅದನ್ನು ನಾನು ಮರೆತಿಲ್ಲ. ಈಗ ಅದು ಇನ್ನೂ ಸ್ವಲ್ಪ ಮುಂದೆ ಹೋಗಿದೆ. ಬೆಳಗಿನ ಜಾವ ಎದ್ದು ಸ್ಕೂಲಿಗೆ ಹೊರಡುತ್ತಾರೆ. ರಿಟೈರ್ ಆಗಿ 20 ವರ್ಷ ಆಯಿತು. ಆದರೂ ಅವರೊಳಗೆ ಎಲ್ಲೋ ಮೊದಲನೇ ಬೆಲ್ ಇನ್ನೂ ಹೊಡೆಯುತ್ತಿದೆ.

ಅವರು ಹೀಗೆ ಹೊರಡುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ, ಕ್ಯಾಪ್ಟನ್. ಬೀದಿಗೆ ಗೊತ್ತಿತ್ತು, ಮನೆಗೆ ಗೊತ್ತಿರಲಿಲ್ಲ.

ಆವತ್ತು ಬೆಳಿಗ್ಗೆ ಆರು ಗಂಟೆಗೆ ಕಾಲಿಂಗ್ ಬೆಲ್ ಆಯಿತು. ಇಷ್ಟು ಹೊತ್ತಿಗೆ ಯಾರಪ್ಪಾ ಅಂದುಕೊಂಡು ಬಾಗಿಲು ತೆಗೆದೆ. ನಮ್ಮ ಬೀದಿ ಗುಡಿಸುವ ಅಕ್ಕ ನಿಂತಿದ್ದರು. ಪಕ್ಕದಲ್ಲಿ ಅಪ್ಪ. ಇಸ್ತ್ರಿ ಮಾಡಿದ ಅಂಗಿ, ಕತ್ತಿನ ಗುಂಡಿಯವರೆಗೂ ಹಾಕಿಕೊಂಡಿದ್ದರು. ಜೇಬಿನಲ್ಲಿ ಪೆನ್ನು. ಒಂದು ಕಾಲಿಗೆ ಸಾಕ್ಸ್, ಇನ್ನೊಂದು ಬರಿಗಾಲು. ಆ ಬರಿಗಾಲಿನ ಹೆಬ್ಬೆರಳಿಗೆ ಒಂದು ಒದ್ದೆ ಎಲೆ ಅಂಟಿಕೊಂಡಿತ್ತು.

ಅಕ್ಕನ ಉದ್ದ ಕೋಲಿನ ಪೊರಕೆ ಇಬ್ಬರ ನಡುವೆ ಅಡ್ಡ ಇತ್ತು. ಕಡ್ಡಿ ಇರುವ ತುದಿ ಅವರ ಕೈಯಲ್ಲಿ, ಕೋಲಿನ ತುದಿ ಅಪ್ಪನ ಕೈಯಲ್ಲಿ. ಮಕ್ಕಳು ರೈಲಾಟ ಆಡುತ್ತಾರಲ್ಲ, ಹಾಗೆ. ಕೈ ಹಿಡಿದೇ ಕರೆತರಬಹುದಿತ್ತಲ್ಲ ಅಂತ ಎಷ್ಟೋ ದಿನ ಆದಮೇಲೆ ಕೇಳಿದೆ. ‘ಗ್ಲೌಸೆಲ್ಲ ಕಸ ಸಾರ್, ಮೇಷ್ಟ್ರ ಕೈಗೆ ಹತ್ತುತ್ತೆ’ ಅಂದರು.

ಆವತ್ತು ಅವರು ಹೇಳಿದ್ದು ಒಂದೇ ಮಾತು: ‘ಮೇಷ್ಟ್ರು ನಂಗೆ ನಿಮ್ಮನೆ ತೋರಿಸಿದ್ರು ಸಾರ್.’

‘ನಿಮ್ಮಪ್ಪ ದಾರಿ ತಪ್ಪಿದ್ರು, ಕರ್ಕೊಂಡು ಬಂದೆ’ ಅನ್ನಬಹುದಿತ್ತು. ನಡೆದದ್ದೂ ಅದೇ. ಆದರೆ ಅಪ್ಪ ಪಕ್ಕದಲ್ಲೇ ನಿಂತಿದ್ದರು. ಅವರ ಕಿವಿಗೆ ಆ ಮಾತು ಬೀಳಬಾರದು ಅಂತ ಅಕ್ಕ ಮಾತನ್ನೇ ತಿರುಗಿಸಿ ಹೇಳಿದರು. ಅಪ್ಪ ಗತ್ತಿನಿಂದ ತಲೆಯಾಡಿಸಿ ಒಳಗೆ ಹೋದರು, ಯಾರಿಗೋ ದೊಡ್ಡ ಸಹಾಯ ಮಾಡಿ ಬಂದವರ ಹಾಗೆ.

ಅಕ್ಕ ಬೆಲ್ ಒತ್ತಬೇಕಾಗಿ ಬಂದದ್ದು ಯಾಕೆ ಗೊತ್ತಾ? ಬೇರೆ ದಿನ ಅವರು ಗೇಟಿನವರೆಗೆ ಬಿಟ್ಟರೆ ಅಪ್ಪ ತಾವೇ ಒಳಗೆ ಬಂದು ಚಿಲಕ ಹಾಕಿಕೊಳ್ಳುತ್ತಿದ್ದರು. ಆವತ್ತು ಐದೂಮುಕ್ಕಾಲಿಗೆ ನನಗೆ ಎಚ್ಚರ ಆಗಿತ್ತು. ನೀರು ಕುಡಿಯಲು ಎದ್ದೆ. ಬಾಗಿಲಿನ ಚಿಲಕ ತೆಗೆದಿತ್ತು. ರಾತ್ರಿ ಹಾಕಲು ಮರೆತಿದ್ದೇನೆ ಅಂದುಕೊಂಡೆ. ಹಾಕಿದೆ. ಹೋಗಿ ಮಲಗಿದೆ. ಅಪ್ಪನನ್ನು ಹೊರಗೆ ಬಿಟ್ಟು ಚಿಲಕ ಹಾಕಿ ಮಲಗಿದವನು ನಾನು.

ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಇಷ್ಟು ಬರೆಯಬೇಕು ಅಂತಲೂ ಕೂತಿರಲಿಲ್ಲ. ಬರೆದಾಯಿತು, ಇರಲಿ.

‘ಇದು ಎಷ್ಟನೇ ಸಲ ಅಕ್ಕಾ?’ ಅಂತ ಕೇಳಿದೆ. ಅವರು ಒಂದು ಸಲ ಅಪ್ಪ ಹೋದ ಕಡೆ ನೋಡಿದರು. ‘ಅಪರೂಪಕ್ಕೆ ಸಾರ್’ ಅಂದರು. ಆಮೇಲೆ ತಿಳಿಯಿತು, ಎರಡು ತಿಂಗಳಿಂದ ವಾರಕ್ಕೆ ಒಂದೋ ಎರಡೋ ಸಲ. ಮನೆಯಲ್ಲಿ ಹೇಳಬೇಡಮ್ಮ ಅಂತ ಅಪ್ಪನೇ ಕೇಳಿಕೊಂಡಿದ್ದರಂತೆ.

ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ಮೊದಲು ಬಂದದ್ದು ಕೃತಜ್ಞತೆ ಅಲ್ಲ. ಸಿಟ್ಟು. ನಮ್ಮ ಮನೆಯ ವಿಷಯ ಹೊರಗಿನವರಿಗೆ ಗೊತ್ತಾಗಿ, ನನಗೆ ಗೊತ್ತಾಗಲಿಲ್ಲವಲ್ಲ ಅಂತ. ಅವರ ಹೆಸರೂ ನನಗೆ ಗೊತ್ತಿರಲಿಲ್ಲ. ಆರು ವರ್ಷದಿಂದ ಅದೇ ಬೀದಿ ಗುಡಿಸುತ್ತಿದ್ದಾರೆ. ಇವತ್ತು ವಾರ ಯಾವುದು ಅಂತ ಹೇಳಲಾಗದ ಅಪ್ಪನಿಗೆ ಅವರ ಹೆಸರು ಗೊತ್ತಿತ್ತು. ನಾನು ‘ಸರಿ, ಥ್ಯಾಂಕ್ಸ್’ ಅಂದು ಬಾಗಿಲು ಹಾಕಿಕೊಂಡೆ. ಅವರು ಇನ್ನೂ ಮೆಟ್ಟಿಲ ಮೇಲೇ ಇದ್ದರು.

ಆ ದಿನವೆಲ್ಲ ಓದುತ್ತಾ ಕೂತೆ. ಮರೆವಿನ ಕಾಯಿಲೆ ಇರುವ 10 ಜನರಲ್ಲಿ 6 ಜನ ಒಂದಲ್ಲ ಒಂದು ಸಲ ಹೀಗೆ ಹೊರಟುಹೋಗುತ್ತಾರೆ ಅಂತ ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್ ಹೇಳುತ್ತದೆ. ಅದನ್ನು ಓದಿ ಸ್ವಲ್ಪ ಸಮಾಧಾನ ಆಯಿತು. ಮುಂದೆ ಜಪಾನಿನ ಒಂದು ಘಟನೆ ಸಿಕ್ಕಿತು, ಆ ಸಮಾಧಾನವೂ ಹೋಯಿತು. 2007ರಲ್ಲಿ 91 ವರ್ಷದ ಒಬ್ಬರು ಹೀಗೇ ಮನೆಯಿಂದ ಹೊರಟು ರೈಲು ಹಳಿಗೆ ಇಳಿದು ಸತ್ತುಹೋದರು. ನೋಡಿಕೊಳ್ಳುತ್ತಿದ್ದ ಹೆಂಡತಿಗೆ 85 ವರ್ಷ. ಆಕೆ ಸ್ವಲ್ಪ ಹೊತ್ತು ತೂಕಡಿಸಿದ್ದರು, ಅಷ್ಟೇ. ರೈಲು ಕಂಪನಿ ನಷ್ಟ ಕೊಡಿ ಅಂತ ಮನೆಯವರ ಮೇಲೆ ಕೇಸು ಹಾಕಿತು. ಕೆಳಗಿನ ಕೋರ್ಟುಗಳು ಆಕೆಯದೂ ತಪ್ಪು ಅಂದವು. ಮನೆಯವರು ಕಟ್ಟಬೇಕಾಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2016ರಲ್ಲಿ. ಎಂಟು ವರ್ಷ ಆ ಅಜ್ಜಿ ಆ ತೂಕಡಿಕೆಯನ್ನು ಹೊತ್ತುಕೊಂಡಿದ್ದರಲ್ಲ ಕಣೋ. ನಾನು ಮಲಗಿದ್ದು ಹದಿನೈದು ನಿಮಿಷ. ನಮ್ಮ ಬೀದಿಯ ತುದಿಯಲ್ಲಿ ರೈಲು ಹಳಿ ಇಲ್ಲ. ದೊಡ್ಡ ರಸ್ತೆ ಇದೆ.

ಅದೇ ಜಪಾನಿನಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದ್ದಾರೆ. ಈ ಕಾಯಿಲೆಗೆ ಅಲ್ಲಿ ಮೊದಲು ಇದ್ದ ಹೆಸರಿನಲ್ಲಿ ದಡ್ಡತನ ಅನ್ನುವ ಅರ್ಥ ಇತ್ತು. 2004ರಲ್ಲಿ ಆ ಹೆಸರನ್ನೇ ಬದಲಾಯಿಸಿದರು. ಮುಂದಿನ ವರ್ಷದಿಂದ ಜನಸಾಮಾನ್ಯರಿಗೆ ಒಂದು ಪಾಠ ಶುರು ಮಾಡಿದರು. ಸುಮಾರು ಒಂದೂವರೆ ಗಂಟೆಯದು, ಯಾರು ಬೇಕಾದರೂ ಕೂರಬಹುದು. ಬ್ಯಾಂಕಿನವರು, ಅಂಗಡಿಯವರು, ಸ್ಕೂಲು ಮಕ್ಕಳು ಎಲ್ಲ ಕೂತಿದ್ದಾರೆ. ಒಂದು ಕೋಟಿಗೂ ಜಾಸ್ತಿ ಜನ ಕಲಿತಿದ್ದಾರೆ. ಗುರುತಿಗೆ ಮೊದಲೆಲ್ಲ ಕೈಗೆ ಕಿತ್ತಳೆ ಬಣ್ಣದ ಬಳೆ ಕೊಡುತ್ತಿದ್ದರು. ಅಲ್ಲಿ ಮುಖ್ಯವಾಗಿ ಹೇಳಿಕೊಡುವುದು ಮೂರು ಮಾತು. ಬೆಚ್ಚಿಬೀಳಿಸಬೇಡಿ. ಅವಸರಪಡಿಸಬೇಡಿ. ಅವರ ಮರ್ಯಾದೆಗೆ ನೋವಾಗುವ ಹಾಗೆ ಮಾಡಬೇಡಿ.

ಮಾರನೇ ವಾರ ಅಪ್ಪ ಹೊರಟಾಗ ನಾನು ತಡೆಯಲಿಲ್ಲ. ಹತ್ತು ಹೆಜ್ಜೆ ಹಿಂದೆ ಹೋದೆ. ಹೋಗಿ ನೋಡಿದ್ದನ್ನು ನಿನಗೆ ಹೇಳಲೇಬೇಕು.

ಅಪ್ಪ ಮೂಲೆಯಲ್ಲಿ ನಿಂತುಬಿಟ್ಟರು. ಎಡಕ್ಕೋ ಬಲಕ್ಕೋ ತೋಚಲಿಲ್ಲ. ಜೇಬಿನ ಪೆನ್ನನ್ನು ತೆಗೆದು ನೋಡಿ ಮತ್ತೆ ಸಿಕ್ಕಿಸಿಕೊಂಡರು. ಅಕ್ಕ ಆಚೆ ಬದಿಯಲ್ಲಿ ಗುಡಿಸುತ್ತಿದ್ದರು. ಅಲ್ಲಿಂದಲೇ ಕೂಗಲಿಲ್ಲ. ಗುಡಿಸುವುದನ್ನು ನಿಲ್ಲಿಸಿ, ಸುತ್ತು ಹಾಕಿಕೊಂಡು ಬಂದು, ಅಪ್ಪನಿಗೆ ಎದುರಿನಿಂದ ಕಾಣುವ ಹಾಗೆ ಸ್ವಲ್ಪ ದೂರದಲ್ಲಿ ನಿಂತರು. ಅಪ್ಪ ತಾವಾಗಿಯೇ ತಲೆ ಎತ್ತಿ ನೋಡುವವರೆಗೆ ಕಾದರು. ಆಮೇಲೆ, ‘ನಮಸ್ಕಾರ ಮೇಷ್ಟ್ರೇ. ನಂಗೆ ನಿಮ್ಮನೆ ಕಡೆ ಹೋಗ್ಬೇಕು, ದಾರಿ ತೋರಿಸ್ತೀರಾ?’ ಅಂದರು. ಅಪ್ಪನ ಬೆನ್ನು ನೆಟ್ಟಗಾಯಿತು. ‘ಬಾರಮ್ಮ’ ಅಂದರು. ಪೊರಕೆಯ ಕೋಲು ಮುಂದೆ ಬಂತು, ಅಪ್ಪ ಹಿಡಿದುಕೊಂಡರು. ಎಲ್ಲಿ ತಿರುಗಬೇಕೋ ಅಲ್ಲಿ ಅಕ್ಕ ಆ ಕಡೆಗೆ ಒಂದು ಹೆಜ್ಜೆ ಮೊದಲೇ ಇಟ್ಟುಬಿಡುತ್ತಿದ್ದರು. ತಿರುಗಿದ್ದು ತಾನೇ ಅಂತ ಅಪ್ಪ ಅಂದುಕೊಳ್ಳುತ್ತಿದ್ದರು.

ಮೂರು ಮಾತುಗಳಲ್ಲಿ ಮೂರನ್ನೂ ಪಾಲಿಸಿದರು ನೋಡು. ಎಲ್ಲಿ ಕಲಿತಿರಿ ಅಂತ ಕೇಳಿದೆ. ‘ನಮ್ಮತ್ತೆಗೂ ಹಿಂಗೇ ಇತ್ತು ಸಾರ್. ಮೊದಮೊದ್ಲು ನಾನೂ ಬೈತಿದ್ದೆ. ಬೈದ್ರೆ ಜಾಸ್ತಿ ಆಗುತ್ತೆ’ ಅಂದರು.

ಇನ್ನೊಂದನ್ನೂ ಆವತ್ತೇ ನೋಡಿದೆ. ಅಕ್ಕ ಅಪ್ಪನ ಜೊತೆ ಹೊರಟ ಕೂಡಲೇ ಅವರ ಜೊತೆಯಾಕೆ ಏನೂ ಮಾತಾಡದೆ ಈ ಬದಿಗೆ ಬಂದು ಅಕ್ಕನ ಪಾಲಿನದನ್ನು ಗುಡಿಸಲು ಶುರು ಮಾಡಿದರು. ಅಪ್ಪನಿಗೆ ಸಿಗುತ್ತಿದ್ದ ಆ ಇಪ್ಪತ್ತು ನಿಮಿಷಕ್ಕೆ ಇಬ್ಬರು ಹೆಂಗಸರು ದುಡಿಯುತ್ತಿದ್ದರು. ಆ ಹೊತ್ತಿಗೆ ಅವರಿಗೆ ಸಂಬಳ ಇಲ್ಲ. ತಡವಾಗಿದ್ದು ಮೇಸ್ತ್ರಿಯ ಕಣ್ಣಿಗೆ ಬಿದ್ದರೆ ಬೈಗುಳ ಬೇರೆ.

ನನ್ನ ತಲೆಯಲ್ಲಿ ಈಗ ಕೊರೆಯುತ್ತಿರುವುದು ಇದೇ. ಬೀದಿಯಲ್ಲಿ ದುಡಿಯುವವರ ಒಳ್ಳೆಯತನವನ್ನು ನಾವು ಗಾಳಿ ಬೆಳಕಿನ ಹಾಗೆ ಸುಮ್ನೆ ಬರುವುದು ಅಂದುಕೊಂಡಿದ್ದೇವೆ. ಅದಕ್ಕೆ ಖರ್ಚಿದೆ, ಆ ಖರ್ಚು ಅವರ ಹೊತ್ತಿನಿಂದ ಹೋಗುತ್ತದೆ. ಬಾಗಿಲಲ್ಲಿ ಎರಡು ದಿನದ ಟಪಾಲು ಹಾಗೇ ಬಿದ್ದಿದ್ದರೆ ಮೊದಲು ನೋಡುವವನು ಪೋಸ್ಟ್‌ಮ್ಯಾನ್. ಅಮೆರಿಕದಲ್ಲಿ 1982ರಿಂದಲೇ ಇದಕ್ಕೊಂದು ಏರ್ಪಾಡಿದೆ. ಒಂಟಿ ವೃದ್ಧರ ಮನೆಯಲ್ಲಿ ಟಪಾಲು ತೆಗೆಯದೆ ಉಳಿದರೆ ಪೋಸ್ಟ್‌ಮ್ಯಾನ್ ತಿಳಿಸುತ್ತಾನೆ, ಯಾರಾದರೂ ಹೋಗಿ ನೋಡುತ್ತಾರೆ. ಫ್ರಾನ್ಸಿನ ಅಂಚೆಯವರು 2017ರಲ್ಲಿ ಇದನ್ನೇ ದುಡ್ಡಿಗೆ ಕೊಡುವ ಸೇವೆ ಮಾಡಿದರು. ದೂರದಲ್ಲಿರುವ ಮಕ್ಕಳು ಕಟ್ಟಿದರೆ ಪೋಸ್ಟ್‌ಮ್ಯಾನ್ ಅಪ್ಪ ಅಮ್ಮನನ್ನು ಮಾತಾಡಿಸಿ ಬರುತ್ತಾನೆ. ಪ್ರೀತಿಗೂ ಬಿಲ್ ಹಾಕುವುದಾ ಅಂತ ನನಗೆ ಮೊದಲು ಕಸಿವಿಸಿ ಆಯಿತು. ಈಗ ಹಾಗೆ ಅನ್ನಿಸುತ್ತಿಲ್ಲ. ಅವರ ಡ್ಯೂಟಿಯಲ್ಲಿ ಅದಕ್ಕೆ ಹೊತ್ತು ಇಟ್ಟಿದ್ದಾರಲ್ಲ, ಅದು ಒಳ್ಳೆಯದೇ. ನಮ್ಮ ಅಕ್ಕನಿಗೆ ಆ ಹೊತ್ತನ್ನು ಯಾರೂ ಇಟ್ಟಿಲ್ಲ. ಅವರು ಕದ್ದು ತರುತ್ತಿದ್ದಾರೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಇನ್ನೊಂದು ಉಳಿದಿದೆ.

ಒಂದು ದಿನ ನಿಂತು ಮಾತಾಡುವಾಗ ಕೇಳಿದೆ. ‘ಅಪ್ಪನ ಮನೆ ಇದೇ ಅಂತ ಮೊದಲ ಸಲ ಹೆಂಗೆ ಗೊತ್ತಾಯ್ತು ಅಕ್ಕಾ?’

‘ನಿಮ್ಮನೆ ಗೊತ್ತಿತ್ತು ಸಾರ್. ಹೋದ್ಸಲ ಮಳೆಗಾಲದಲ್ಲಿ ಎಲೆ ಗುಡ್ಡೆ ಕಂಪ್ಲೇಂಟ್ ಬಂದಿತ್ತಲ್ಲ.’

ಕ್ಯಾಪ್ಟನ್, ಆ ಕಂಪ್ಲೇಂಟ್ ನಾನು ಕೊಟ್ಟದ್ದು. ಗೇಟಿನ ಮುಂದೆ ಎರಡು ದಿನ ಎಲೆಯ ಗುಡ್ಡೆ ಬಿದ್ದಿತ್ತು. ಮಳೆಗೆ ಕೊಳೆತು ನಾರುತ್ತಿತ್ತು. ಫೋನ್ ಮಾಡಿದೆ. ಐದು ನಿಮಿಷದ ಕೆಲಸ. ಮೆಸೇಜಿನಲ್ಲಿ ದೂರಿನ ನಂಬರ್ ಬಂತು. ಮೂರನೇ ದಿನ ಗುಡ್ಡೆ ಇರಲಿಲ್ಲ. ಗೆದ್ದೆ ಅನ್ನಿಸಿತ್ತು. ಗುಡಿಸಿ ಗುಡ್ಡೆ ಮಾಡುವುದು ಅವರ ಕೆಲಸ, ಎತ್ತಿಕೊಂಡು ಹೋಗುವುದು ಗಾಡಿಯ ಕೆಲಸ. ಆ ಎರಡು ದಿನ ಗಾಡಿಯೇ ಬಂದಿರಲಿಲ್ಲ. ಬೈಗುಳ ಮಾತ್ರ ಅವರಿಗೆ ಬಂತು. ಕೊನೆಗೆ ಅವರಿಬ್ಬರೇ ತಳ್ಳುಗಾಡಿಗೆ ಬಳಿದು ತುಂಬಿ ಮೂರು ಸಲ ಸಾಗಿಸಿದರಂತೆ.

ಇದನ್ನೆಲ್ಲ ಅವರು ದೂರುವ ದನಿಯಲ್ಲಿ ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ಇದು ಯಾರ ಮನೆ ಅಂತ ಗೊತ್ತಿದ್ದೂ ಅಪ್ಪನನ್ನು ಎರಡು ತಿಂಗಳು ಈ ಗೇಟಿಗೇ ತಂದು ಬಿಟ್ಟರು. ನಾನಾಗಿದ್ದರೆ ಹಾಗೆ ಮಾಡುತ್ತಿದ್ದೆನಾ? ರಾತ್ರಿ ಮಲಗಿದರೆ ಇದೇ ಪ್ರಶ್ನೆ. ಮಾಡುತ್ತಿದ್ದೆ ಅಂತ ಧೈರ್ಯವಾಗಿ ಹೇಳಲು ಆಗುತ್ತಿಲ್ಲ.

‘ತಪ್ಪಾಯ್ತು ಅಕ್ಕಾ’ ಅಂದೆ. ‘ಬಿಡಿ ಸಾರ್, ವಾಸ್ನೆ ಬಂದ್ರೆ ಯಾರಾದ್ರೂ ಫೋನ್ ಮಾಡ್ತಾರೆ’ ಅಂದರು.

ದೂರು ಕೊಟ್ಟಿದ್ದೆನಲ್ಲ, ಮೆಚ್ಚುಗೆಯನ್ನೂ ಬರೆದುಕೊಡೋಣ ಅಂತ ಹೊರಟೆ. ಮೂರು ವಾರ ಎಳೆದೆ. ಅವರಿಗೆ ಮುಜುಗರ ಆಗುತ್ತದೇನೋ, ದೊಡ್ಡಸ್ತಿಕೆ ಅನ್ನಿಸುತ್ತದೇನೋ ಅಂತ ಯೋಚನೆ. ಇದರ ಬಗ್ಗೆ ಅಮಿತ್ ಕುಮಾರ್, ನಿಕೋಲಸ್ ಎಪ್ಲಿ ಅನ್ನುವ ಇಬ್ಬರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಥ್ಯಾಂಕ್ಸ್ ಹೇಳಿ ಪತ್ರ ಬರೆಯುವವರು, ಓದುವವರಿಗೆ ಆಗುವ ಮುಜುಗರವನ್ನು ಇರುವುದಕ್ಕಿಂತ ಜಾಸ್ತಿ ಅಂದುಕೊಳ್ಳುತ್ತಾರಂತೆ. ಅವರಿಗೆ ಆಗುವ ಸಂತೋಷವನ್ನು ಕಡಿಮೆ ಅಂದುಕೊಳ್ಳುತ್ತಾರಂತೆ. ಇದನ್ನು ಓದಿದ ರಾತ್ರಿಯೇ ಬರೆದು ಮುಗಿಸಿದೆ. ನಡೆದದ್ದನ್ನೆಲ್ಲ ಎರಡು ಪುಟ ಬರೆದೆ.

ಕೊಡುವ ಮೊದಲು ಅಕ್ಕನಿಗೆ ಓದಿ ಹೇಳಿದೆ. ಅವರ ಮುಖ ಸಣ್ಣದಾಯಿತು. ‘ಸಾರ್, ಕೆಲ್ಸ ಬಿಟ್ಟು ಮೇಷ್ಟ್ರನ್ನ ಬಿಡೋಕೆ ಹೋದೆ ಅಂತ ಬರೀಬೇಡಿ. ಡ್ಯೂಟಿ ಹೊತ್ತಲ್ಲಿ ಎಲ್ಲಿಗೋಗಿದ್ದೆ ಅಂತಾರೆ.’

ಎಷ್ಟು ನಿಜ ನೋಡು. ಅವರು ಮಾಡಿದ ದೊಡ್ಡ ಉಪಕಾರವೇ ಕಾಗದದ ಮೇಲೆ ತಪ್ಪಾಗಿ ಕಾಣುತ್ತದೆ. ಎರಡು ಪುಟವನ್ನೂ ಹರಿದೆ. ಅಲ್ಲೇ ನಿಂತು ನಾಲ್ಕು ಸಾಲು ಬರೆದೆ. ಬೀದಿ ಚೊಕ್ಕಟವಾಗಿದೆ, ಇಬ್ಬರೂ ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ, ವಯಸ್ಸಾದವರ ಜೊತೆ ಗೌರವದಿಂದ ನಡೆದುಕೊಳ್ಳುತ್ತಾರೆ. ಅದನ್ನೂ ಓದಿದೆ. ‘ಇನ್ನೊಂದ್ಸಲ ಓದಿ ಸಾರ್’ ಅಂದರು. ಓದಿದೆ. ಜೊತೆಯಾಕೆಯನ್ನು ಕೂಗಿ ಕರೆದು ‘ಈಗ ಓದಿ’ ಅಂದರು. ಮೂರನೇ ಸಲ ಓದುವಾಗ ನನ್ನ ಗಂಟಲು ಕಟ್ಟಿತು.

ಆಫೀಸಿನಲ್ಲಿ ‘ಏನು ಕಂಪ್ಲೇಂಟು?’ ಅಂದರು. ಕಂಪ್ಲೇಂಟ್ ಅಲ್ಲ ಅಂದೆ. ಆ ಗುಮಾಸ್ತರಿಗೆ ಅದನ್ನು ಯಾವ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಅಂತ ತಿಳಿಯಲಿಲ್ಲ. ಹುಡುಕಿ ಹುಡುಕಿ ಕೊನೆಗೆ ದೂರಿನ ಪುಸ್ತಕದಲ್ಲೇ ಬರೆದುಕೊಂಡರು. ‘ಕೈಗೊಂಡ ಕ್ರಮ’ ಅನ್ನುವ ಜಾಗ ಬಂದಾಗ ಪೆನ್ನು ಹಿಡಿದು ಸುಮಾರು ಹೊತ್ತು ಕೂತರು. ಆಮೇಲೆ ‘ಓದಿ ಸಂತೋಷವಾಯಿತು’ ಅಂತ ಬರೆದರು. ಒಳ್ಳೆಯ ಮನುಷ್ಯ.

ಆ ಹರಿದ ಎರಡು ಪುಟವೇ ಈ ಪತ್ರ. ಅಲ್ಲಿ ಬರೆಯಲು ಆಗದ್ದನ್ನು ನಿನಗೆ ಬರೆದೆ. ಅದಕ್ಕೇ ಹೆಸರಿಲ್ಲ, ಬೀದಿ ಇಲ್ಲ. ನಿನಗೆ ಗೊತ್ತಾಗುತ್ತದೆ, ಆದರೂ ಎಲ್ಲೂ ಹೇಳಬೇಡ.

ಈಗ ನಾನು ಐದೂವರೆಗೆ ಏಳುತ್ತೇನೆ. ಎರಡೂ ಸಾಕ್ಸನ್ನು ಕುರ್ಚಿಯ ಮೇಲೆ ಜೊತೆಗೆ ಇಟ್ಟಿರುತ್ತೇನೆ. ಅಪ್ಪ ಹೊರಟರೆ ಹಿಂದೆ ಹೋಗುತ್ತೇನೆ. ಅಕ್ಕನಿಗೆ ಪೂರ್ತಿ ದಾರಿ ಬರುವ ಕೆಲಸ ತಪ್ಪಿದೆ. ಮೂಲೆಯಲ್ಲಿ ನಿಂತು ಅಪ್ಪನ ಜೊತೆ ಎರಡು ಮಾತಾಡಿ ನನಗೆ ಒಪ್ಪಿಸಿಬಿಡುತ್ತಾರೆ. ನಾನೇ ಹೋಗಿ ಕರೆದರೆ ಅಪ್ಪ ‘ನೀನ್ಯಾರೋ?’ ಅನ್ನುತ್ತಾರೆ. ಅಕ್ಕ ಹೇಳಿದರೆ ಮಾತ್ರ ಕೇಳುತ್ತಾರೆ.

ನಿನ್ನೆ ಅಪ್ಪ ತಿರುಗಿ ನೋಡಿದರು. ‘ಯಾರಮ್ಮ ಅವನು, ಹಿಂದೆ ಬರ್ತಿರೋನು?’

‘ನಿಮ್ಮ ಹುಡುಗನೇ ಮೇಷ್ಟ್ರೇ. ಇವತ್ತು ಲೇಟು.’

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಳೆ ಬರುವ ಹಾಗಿತ್ತು ಅಂತ ಕೈಯಲ್ಲಿ ಛತ್ರಿ ತಂದಿದ್ದರು. ಅದರ ತುದಿಯನ್ನು ನನ್ನ ಕಡೆ ಚಾಚಿ, ‘ಪರವಾಗಿಲ್ಲ, ಹಿಡ್ಕೋ’ ಅಂದರು. ಹಿಡಿದುಕೊಂಡೆ. ಮನೆಯವರೆಗೂ ಬಿಡಲಿಲ್ಲ.

ಅದೇ ಛತ್ರಿ ಕಣೋ. ಹೌದು, ಅದೇ. ಎತ್ತುವುದಿಲ್ಲ ಅಂದಿದ್ದೆ, ಎತ್ತಿಬಿಟ್ಟೆ. ನೀನು ಈಗ ನಗುತ್ತಿದ್ದೀಯ ಅಂತ ಇಲ್ಲಿಗೇ ಕೇಳಿಸುತ್ತಿದೆ. ಬೇಗ ಬಾ. ಅಣ್ಣನಾಗಿಯೇ ಬಾ, ಅಪ್ಪ ಮೊನ್ನೆಯೂ ಕೇಳುತ್ತಿದ್ದರು. ಕುದುರೆಯನ್ನು ಅಲ್ಲೇ ಬಿಟ್ಟು ಬಾ.

ನಿನ್ನವನೇ